ಸಿಸೇರಿಯನ್ ಹೊಲಿಗೆಯ ಒಳಗುರುತು

ಸಿಸೇರಿಯನ್ ಹೆರಿಗೆಯಾದ ಹೆಂಗಸಿನ ಮೈಯಲ್ಲಿ ಎರಡು ಗುರುತುಗಳು ಉಳಿಯುತ್ತವೆ. ಒಂದು ಕಿಬ್ಬೊಟ್ಟೆಯ ಚರ್ಮದ ಮೇಲಿನದು. ಅದನ್ನು ಅವಳೂ ನೋಡುತ್ತಾಳೆ, ವೈದ್ಯರೂ ನೋಡುತ್ತಾರೆ. ಇನ್ನೊಂದು ಗರ್ಭಕೋಶದ ಗೋಡೆಯಲ್ಲಿರುವುದು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಮುಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ತೊಂದರೆ ಏನಾದರೂ ಬಂದರೆ ಹೆಚ್ಚಾಗಿ ಅದರಿಂದಲೇ ಬರುತ್ತದೆ. ಹೊರಗಿನ ಗಾಯ ಚೆನ್ನಾಗಿ ಮಾಗಿದೆ ಎಂದರೆ ಒಳಗಿನದೂ ಮಾಗಿದೆ ಎಂದಲ್ಲ. ಹೊರಗೆ ಅಡ್ಡ ಗೀಟು ಇದ್ದಮಾತ್ರಕ್ಕೆ ಒಳಗಿನ ಕೊಯ್ತವೂ ಅಡ್ಡವಾಗಿಯೇ ಇದೆ ಎಂದು ಹೇಳಲಾಗದು.

ಮಗುವನ್ನು ಹೊರತೆಗೆಯಲು ಚರ್ಮ, ಅದರಡಿಯ ಕೊಬ್ಬು, ಹೊಟ್ಟೆಯ ಸ್ನಾಯುಗಳನ್ನು ಹೊದ್ದ ಗಟ್ಟಿ ಪೊರೆ, ಉದರದ ಒಳಪೊರೆ ಇವನ್ನೆಲ್ಲ ದಾಟಬೇಕು. ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡ ಮೂತ್ರಕೋಶವನ್ನು ಕೆಳಕ್ಕೆ ಸರಿಸಿ, ಗರ್ಭಕೋಶದ ಕೆಳಭಾಗವನ್ನು ಅಡ್ಡಲಾಗಿ ಕೊಯ್ಯುತ್ತಾರೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಈ ಕೆಳಭಾಗ ಹಿಗ್ಗಿ ತೆಳ್ಳಗಾಗಿರುತ್ತದೆ. ಹೆರಿಗೆಯ ನಂತರ ಅದು ಕುಗ್ಗಿ, ಗರ್ಭಕಂಠದ ಮೇಲಿನ ಒಂದು ಕಿರಿದಾದ ಪಟ್ಟಿಯಷ್ಟೇ ಆಗುತ್ತದೆ. ಆದ್ದರಿಂದ ಹೆರಿಗೆಯ ದಿನ ಅಂಗೈ ಅಗಲವಿದ್ದ ಗಾಯ ಕೆಲವು ತಿಂಗಳ ನಂತರ ಮೂತ್ರಕೋಶದ ಬೆನ್ನಿಗೆ, ಗರ್ಭಕಂಠದ ಬಾಯಿಗೆ ಹತ್ತಿರವಾಗಿ ಒಂದು ಸಣ್ಣ ಗೆರೆಯಾಗಿ ನಿಲ್ಲುತ್ತದೆ. ಅಲ್ಲಿ ಮಾಂಸಖಂಡದ ಜಾಗದಲ್ಲಿ ಬಹುಪಾಲು ನಾರಿನಂಥ ಅಂಗಾಂಶ ಬೆಳೆದಿರುತ್ತದೆ. ಅದು ಗಟ್ಟಿ, ಆದರೆ ಸ್ನಾಯುವಿನಂತೆ ಹಿಂಡುವ ಶಕ್ತಿ ಅದಕ್ಕಿಲ್ಲ.

ಕೊಯ್ತವನ್ನು ಕೆಳಗೆ ತಂದದ್ದು ಜೀವ ಉಳಿಸುವ ಉದ್ದೇಶದಿಂದಲೇ. 1876ರಲ್ಲಿ ಇಟಲಿಯ ಎಡುವಾರ್ಡೊ ಪೊರೊ ಮಗುವನ್ನು ತೆಗೆದ ಮೇಲೆ ರಕ್ತಸ್ರಾವ ನಿಲ್ಲಿಸಲು ಗರ್ಭಕೋಶವನ್ನೇ ತೆಗೆದುಹಾಕಿದ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಗರ್ಭಕೋಶದ ಗೋಡೆಯನ್ನು ಸರಿಯಾಗಿ ಹೊಲಿದರೆ ತಾಯಿ ಬದುಕುತ್ತಾಳೆಂದು ತೋರಿಸಿದ. ಆಗಿನ ಕೊಯ್ತ ಗರ್ಭಕೋಶದ ಮೇಲ್ಭಾಗದಲ್ಲಿ, ಉದ್ದಕ್ಕೆ ಇರುತ್ತಿತ್ತು. ಮುಂದಿನ ಹೆರಿಗೆ ನೋವಿನಲ್ಲಿ ಅದು ಬಿರಿಯುವ ಅಪಾಯ ಹೆಚ್ಚು. 1920ರ ದಶಕದಲ್ಲಿ ಗ್ಲಾಸ್ಗೊ ನಗರದ ಮನ್ರೊ ಕೆರ್ ಕೆಳಭಾಗದ ಅಡ್ಡ ಕೊಯ್ತವನ್ನು ಬಳಕೆಗೆ ತಂದ ಮೇಲೆ ಆ ಅಪಾಯ ಬಹಳ ಇಳಿಯಿತು. ಒಂದು ಸಲ ಅಡ್ಡ ಕೊಯ್ತದ ಸಿಸೇರಿಯನ್ ಆದವಳು ಮುಂದೆ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಗರ್ಭಕೋಶ ಬಿರಿಯುವುದು ಸುಮಾರು 200ರಲ್ಲಿ ಒಬ್ಬಳಿಗೆ. ಆದರೆ ಈ ಅನುಕೂಲಕ್ಕೆ ಒಂದು ಬೆಲೆಯೂ ಇದೆ. ಗಾಯ ಮೂತ್ರಕೋಶದ ಮಗ್ಗುಲಿಗೆ, ಮುಟ್ಟಿನ ರಕ್ತ ಹರಿದುಹೋಗುವ ದಾರಿಗೆ ಬಂದು ಕೂತಿತು. ಈಗ ಸ್ತ್ರೀರೋಗ ತಜ್ಞರ ಮುಂದೆ ಬರುವ ಹಲವು ದೂರುಗಳ ಮೂಲ ಅಲ್ಲಿದೆ.

ಕರ್ನಾಟಕದಲ್ಲಿ ಇಂಥ ಗುರುತು ಹೊತ್ತವರ ಸಂಖ್ಯೆ ಬೇಗ ಏರುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಶೇ. 23.6 ಸಿಸೇರಿಯನ್ ಆಗಿದ್ದವು. 2019-20ರ ಸಮೀಕ್ಷೆಯಲ್ಲಿ ಅದು ಶೇ. 31.5 ಆಯಿತು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಈಗ ಶಸ್ತ್ರಚಿಕಿತ್ಸೆಯಿಂದಲೇ. ಅದೇ ಸುತ್ತಿನ ಸಮೀಕ್ಷೆಯಲ್ಲಿ ಗಡಿಯಾಚೆಯ ಆಂಧ್ರಪ್ರದೇಶದ ಒಟ್ಟು ಪ್ರಮಾಣ ಶೇ. 42 ದಾಟಿತ್ತು, ತೆಲಂಗಾಣದ್ದು ಶೇ. 60. ಜನಸಂಖ್ಯೆಯ ಮಟ್ಟದಲ್ಲಿ ಸಿಸೇರಿಯನ್ ಪ್ರಮಾಣ ಶೇ. 10 ದಾಟಿದ ಮೇಲೆ ತಾಯಿ ಮಗುವಿನ ಸಾವು ಮತ್ತಷ್ಟು ಇಳಿಯುವ ಲಕ್ಷಣ ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಈ ಮಾತನ್ನು ಒಬ್ಬೊಬ್ಬ ಬಸುರಿಯ ಮೇಲೆ ಹೇರಲಾಗದು. ಅಡ್ಡಲಾಗಿ ನಿಂತ ಮಗುವಿಗೂ, ಗರ್ಭಕೋಶದ ಬಾಯಿಗೆ ಅಡ್ಡ ಬಿದ್ದ ಮಾಸಿಗೂ ಸಿಸೇರಿಯನ್ ಬಿಟ್ಟು ಬೇರೆ ದಾರಿ ಇಲ್ಲ. ಪಂಚಾಂಗ ನೋಡಿ ಗಳಿಗೆ ಗೊತ್ತುಮಾಡಿಸಿಕೊಂಡ ಸಿಸೇರಿಯನ್‌ಗೆ ಮಾತ್ರ ಅಂಥ ಸಮರ್ಥನೆ ಇಲ್ಲ.

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಂಥ ಊರನ್ನು ಈ ಲೆಕ್ಕದ ಹಿನ್ನೆಲೆಯಲ್ಲಿ ನೋಡಬಹುದು. ಕೈಗಾರಿಕಾ ಪ್ರದೇಶ ಬಂದ ಮೇಲೆ ಅಲ್ಲಿಯ ಬದುಕು ಹೊಲಗದ್ದೆಯ ಜೊತೆಗೆ ಕಾರ್ಖಾನೆಯ ಪಾಳಿಗೂ ಹೊಂದಿಕೊಂಡಿದೆ. ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುವ ಕಾಲ ಇದು. ಆದರೆ ಆಸ್ಪತ್ರೆ ಯಾವುದು ಎಂಬುದು ಒಂದೇ ಆಗಿರುವುದಿಲ್ಲ. ತಾಲ್ಲೂಕು ಆಸ್ಪತ್ರೆ, ಪೇಟೆಯ ನರ್ಸಿಂಗ್ ಹೋಮ್, ಗಡಿ ದಾಟಿದರೆ ಹಿಂದೂಪುರ, ಕೇಸು ಕಷ್ಟವಾದರೆ ಚಿಕ್ಕಬಳ್ಳಾಪುರ, ಇನ್ನೂ ಕಷ್ಟವಾದರೆ ಬೆಂಗಳೂರಿನ ವಾಣಿವಿಲಾಸ. ಚೊಚ್ಚಲ ಹೆರಿಗೆ ತವರಿನ ಕಡೆ, ಎರಡನೆಯದು ಗಂಡನ ಊರಿನ ಕಡೆ. ಹೀಗಾಗಿ ಒಬ್ಬಳೇ ಹೆಂಗಸಿನ ಎರಡು ಸಿಸೇರಿಯನ್‌ಗಳ ಕಾಗದ ಎರಡು ಊರುಗಳಲ್ಲಿ, ಕೆಲವೊಮ್ಮೆ ಎರಡು ರಾಜ್ಯಗಳಲ್ಲಿ ಉಳಿದಿರುತ್ತದೆ. ಹತ್ತು ವರ್ಷದ ನಂತರ ಮುಟ್ಟಿನ ತೊಂದರೆ ಎಂದು ಮೂರನೆಯ ಕಡೆ ಹೋದಾಗ ಅವಳ ಬಳಿ ಇರುವುದು ಹೊಟ್ಟೆಯ ಮೇಲಿನ ಗೀಟು ಮಾತ್ರ.

ಒಳಗುರುತಿನ ತೊಂದರೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಗುಳಿ. ವೈದ್ಯರ ಭಾಷೆಯಲ್ಲಿ ಇದಕ್ಕೆ ನಿಚ್ ಎಂದೂ ಇಸ್ತ್ಮೊಸೀಲ್ ಎಂದೂ ಹೆಸರು. ಹೊಲಿಗೆ ಬಿದ್ದ ಜಾಗದಲ್ಲಿ ಗರ್ಭಕೋಶದ ಗೋಡೆ ಪೂರ್ತಿ ದಪ್ಪಕ್ಕೆ ಕೂಡದೆ, ಒಳಮೈಯಲ್ಲಿ ಒಂದು ತಗ್ಗು ಉಳಿಯುತ್ತದೆ. 2019ರಲ್ಲಿ ಯುರೋಪಿನ ತಜ್ಞರ ಗುಂಪೊಂದು ಕನಿಷ್ಠ 2 ಮಿಲಿಮೀಟರ್ ಆಳವಿರುವ ತಗ್ಗನ್ನು ಗುಳಿ ಎಂದು ಕರೆಯಬೇಕೆಂದು ಒಪ್ಪಿಕೊಂಡಿತು. ಯೋನಿಮಾರ್ಗದ ಸ್ಕ್ಯಾನಿನಲ್ಲಿ ಹುಡುಕಿದರೆ ಸಿಸೇರಿಯನ್ ಆದವರಲ್ಲಿ ಇದು ಬಹಳ ಸಾಮಾನ್ಯ: ಬೇರೆ ಬೇರೆ ಅಧ್ಯಯನಗಳಲ್ಲಿ ಶೇ. 24ರಿಂದ 70ರವರೆಗೆ ಕಂಡುಬಂದಿದೆ. ಗರ್ಭಕೋಶದೊಳಗೆ ಸ್ವಲ್ಪ ಲವಣದ್ರಾವಣ ಬಿಟ್ಟು ನೋಡಿದರೆ ಇನ್ನೂ ಹೆಚ್ಚು ಜನರಲ್ಲಿ ಕಾಣುತ್ತದೆ. ಇಷ್ಟು ಸಾಮಾನ್ಯವಾದದ್ದನ್ನು ರೋಗ ಎನ್ನುವುದು ಕಷ್ಟ. ಗುಳಿ ಇದ್ದವರಲ್ಲಿ ಬಹುಪಾಲು ಹೆಂಗಸರಿಗೆ ಅದರ ಅರಿವೂ ಇರುವುದಿಲ್ಲ, ಅದರಿಂದ ತೊಂದರೆಯೂ ಇರುವುದಿಲ್ಲ. ಈ ಕಾರಣಕ್ಕೇ 2023ರಲ್ಲಿ ತಜ್ಞರು ಬರೀ ಗುಳಿಯನ್ನೂ, ತೊಂದರೆ ಕೊಡುವ ಗುಳಿಯನ್ನೂ ಬೇರ್ಪಡಿಸಿ, ಎರಡನೆಯದಕ್ಕೆ ಮಾತ್ರ ರೋಗದ ಹೆಸರು ಕೊಟ್ಟರು.

ತೊಂದರೆ ಕೊಡುವ ಗುಳಿಯ ಮುಖ್ಯ ಲಕ್ಷಣ ಮುಟ್ಟು ನಿಂತಿತು ಎಂದುಕೊಂಡ ಮೇಲೆ ಮತ್ತೆ ಕೆಲವು ದಿನ ಕಂದು ಅಥವಾ ಕಪ್ಪು ಬಣ್ಣದ ರಕ್ತ ಹನಿಹನಿಯಾಗಿ ಹೋಗುವುದು. ಗುಳಿ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮಳೆ ನಿಂತ ಮೇಲೂ ಕುಂಟೆಯಲ್ಲಿ ನೀರು ಉಳಿಯುವಂತೆ ಮುಟ್ಟಿನ ರಕ್ತದ ಒಂದಿಷ್ಟು ಭಾಗ ಈ ತಗ್ಗಿನಲ್ಲಿ ನಿಂತು, ನಿಧಾನವಾಗಿ ಹೊರಬರುತ್ತದೆ. ಸುತ್ತಲಿನ ನಾರು ಅಂಗಾಂಶ ಹಿಂಡಿ ಹೊರದೂಡಲಾರದು. ತಗ್ಗಿನ ಗೋಡೆಯಲ್ಲಿ ಹೊಸದಾಗಿ ಬೆಳೆದ ಸೂಕ್ಷ್ಮ ರಕ್ತನಾಳಗಳೂ ಸುಲಭವಾಗಿ ಒಸರುತ್ತವೆ. ಹೀಗೆ ನಾಲ್ಕು ಐದು ದಿನದ ಮುಟ್ಟು ಹತ್ತು ಹನ್ನೆರಡು ದಿನಕ್ಕೆ ಎಳೆಯುತ್ತದೆ. ಹೋಗುವ ರಕ್ತದ ಪ್ರಮಾಣ ಹೆಚ್ಚಲ್ಲ. ಆದರೆ ಮುಟ್ಟಿನ ದಿನಗಳಲ್ಲಿ ದೇವರ ಮನೆ, ಅಡುಗೆಮನೆ, ಹಬ್ಬ ಎಲ್ಲದರಿಂದ ಹೊರಗಿರಬೇಕಾದ ಮನೆಗಳಲ್ಲಿ ಆರೇಳು ದಿನ ಹೆಚ್ಚುವರಿ ಹನಿರಕ್ತ ಎಂದರೆ ತಿಂಗಳಿನ ಸುಮಾರು ಕಾಲು ಭಾಗ ಕಳೆದಂತೆ. ಕಾರ್ಖಾನೆಯ ಪಾಳಿಯಲ್ಲಿ ಪದೇ ಪದೇ ಶೌಚಾಲಯಕ್ಕೆ ಹೋಗಲಾಗದವರಿಗೆ ಅದು ಬೇರೆ ರೀತಿಯ ಹಿಂಸೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗಡ್ಡೆಗಡ್ಡೆಯಾಗಿ ರಕ್ತ ಹೋಗಿ ಹಿಮೋಗ್ಲೋಬಿನ್ ಕುಸಿದಿದ್ದರೆ ಅದಕ್ಕೆ ಗುಳಿಯನ್ನು ದೂರಿ ಸುಮ್ಮನಾಗಬಾರದು. ಫೈಬ್ರಾಯ್ಡ್ ಗಡ್ಡೆ, ಗರ್ಭಕೋಶದ ಒಳಪದರ ಗೋಡೆಯೊಳಕ್ಕೆ ಬೆಳೆಯುವ ಅಡಿನೊಮಯೋಸಿಸ್, ಥೈರಾಯ್ಡ್ ದೋಷ ಮೊದಲಾದವನ್ನು ಹುಡುಕಬೇಕು. ಕರ್ನಾಟಕದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಮೊದಲೇ ರಕ್ತಹೀನತೆ ಇದೆ. ಸಂಭೋಗದ ನಂತರ ರಕ್ತ ಕಂಡರೆ ಅಥವಾ ಮುಟ್ಟಿಗೆ ಸಂಬಂಧವೇ ಇಲ್ಲದ ದಿನಗಳಲ್ಲಿ ಕಂಡರೆ ಗರ್ಭಕಂಠದ ಕ್ಯಾನ್ಸರ್ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಆ ತಪಾಸಣೆ ಮಾಡಿಸಿಕೊಂಡವರು ನೂರರಲ್ಲಿ ಇಬ್ಬರೂ ಇರಲಿಲ್ಲ ಎಂಬುದನ್ನು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಗುಳಿ ಯಾರಿಗೆ ಬೀಳುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸಿಸೇರಿಯನ್‌ಗಳ ಸಂಖ್ಯೆ ಹೆಚ್ಚಿದಂತೆ ಗುಳಿಯೂ ದೊಡ್ಡದಾಗುತ್ತದೆ. ಹೆರಿಗೆ ನೋವು ಬಹಳ ಮುಂದುವರಿದು ಗರ್ಭಕಂಠ ಪೂರ್ತಿ ತೆರೆದ ಮೇಲೆ ಮಾಡಿದ ಸಿಸೇರಿಯನ್‌ನಲ್ಲಿ ಕೊಯ್ತ ಗರ್ಭಕಂಠದ ಅಂಗಾಂಶಕ್ಕೇ ಬೀಳುವುದುಂಟು. ಅಲ್ಲಿಯ ಗ್ರಂಥಿಗಳು ಸುರಿಸುವ ಲೋಳೆ ಗಾಯ ಕೂಡದಂತೆ ತಡೆಯುತ್ತದೆ ಎಂಬುದು ಒಂದು ವಿವರಣೆ. ಹಿಂದಕ್ಕೆ ಬಾಗಿದ ಗರ್ಭಕೋಶದಲ್ಲಿ ಗಾಯದ ಮೇಲೆ ಎಳೆತ ಹೆಚ್ಚು. ಹೊಲಿಗೆ ಒಂದು ಪದರವೋ ಎರಡು ಪದರವೋ ಎಂಬ ವಾದ ದಶಕಗಳಿಂದ ನಡೆದಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2,292 ಹೆಂಗಸರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಪದರ ಹೊಲಿದವರಿಗೂ ಮುಟ್ಟಿನ ನಂತರದ ಹನಿರಕ್ತ ಕಡಿಮೆಯಾಗಲಿಲ್ಲ. ಭಾರತವೂ ಸೇರಿ ಏಳು ದೇಶಗಳಲ್ಲಿ ಸುಮಾರು 16 ಸಾವಿರ ಹೆಂಗಸರನ್ನು ಒಳಗೊಂಡ ಕೊರೊನಿಸ್ ಅಧ್ಯಯನ ಮೂರು ವರ್ಷಗಳ ನಂತರ ವಿಚಾರಿಸಿದಾಗಲೂ ಹೊಲಿಗೆಯ ಬಗೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ತೊಂದರೆ ಬಂದವಳಿಗೆ ಆಗ ಹೊಲಿಗೆ ಸರಿಯಾಗಿ ಹಾಕಲಿಲ್ಲ ಎಂದುಬಿಡುವುದು ಸುಲಭವಾದರೂ ಪುರಾವೆ ಅದರ ಬೆನ್ನಿಗಿಲ್ಲ.

ಗುಳಿಯನ್ನು ಪತ್ತೆಮಾಡಲು ದುಬಾರಿ ಯಂತ್ರ ಬೇಡ, ಆದರೆ ಸ್ಕ್ಯಾನನ್ನು ಯೋನಿಮಾರ್ಗದಿಂದ ಮಾಡಬೇಕು. ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿನಲ್ಲಿ ಅದು ಸುಲಭವಾಗಿ ತಪ್ಪಿಹೋಗುತ್ತದೆ, ವರದಿಯಲ್ಲಿ ಎಲ್ಲ ಸರಿಯಿದೆ ಎಂದು ಬರುತ್ತದೆ. ನೋಡುವವರಿಗೆ ಸಿಸೇರಿಯನ್ ಆಗಿದೆ ಎಂಬುದನ್ನೂ, ಹನಿರಕ್ತದ ದೂರನ್ನೂ ತಿಳಿಸಿದರೆ ಅವರು ಆ ಜಾಗವನ್ನೇ ಅಳೆಯುತ್ತಾರೆ. ಗುಳಿಯ ಆಳಕ್ಕಿಂತ ಅದರ ತಳದಲ್ಲಿ ಉಳಿದಿರುವ ಗೋಡೆಯ ದಪ್ಪ ಮುಖ್ಯ. ಚಿಕಿತ್ಸೆ ನಿರ್ಧಾರವಾಗುವುದು ಆ ಅಂಕೆಯಿಂದ. ತೊಂದರೆ ಇಲ್ಲದಿದ್ದರೆ ಏನೂ ಮಾಡಬೇಕಿಲ್ಲ. ಹನಿರಕ್ತವಷ್ಟೇ ಇದ್ದು ಮಗು ಬೇಡವೆಂದಿದ್ದರೆ ಗರ್ಭನಿರೋಧಕ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ, ಹಾರ್ಮೋನು ಇರುವ ವಂಕಿ ಹಲವರಿಗೆ ಸಾಕಾಗುತ್ತದೆ. ಉಳಿದ ಗೋಡೆ 3 ಮಿಲಿಮೀಟರ್‌ಗಿಂತ ದಪ್ಪವಿದ್ದರೆ ಗರ್ಭಕೋಶದ ಒಳಮೈ ನೋಡುವ ಹಿಸ್ಟರೋಸ್ಕೋಪ್ ಒಳಗಿಟ್ಟು ಗುಳಿಯ ಅಂಚನ್ನು ಕೆತ್ತಿ, ರಕ್ತ ನಿಲ್ಲದೆ ಹರಿದುಹೋಗುವಂತೆ ಮಾಡಬಹುದು. 2018ರ ಡಚ್ ಅಧ್ಯಯನವೊಂದರಲ್ಲಿ ಇದರಿಂದ ಹನಿರಕ್ತದ ದಿನಗಳು ಕಡಿಮೆಯಾದವು. ಗೋಡೆ ಅದಕ್ಕಿಂತ ತೆಳುವಿದ್ದರೆ ಕೆತ್ತುವಾಗ ಮೂತ್ರಕೋಶಕ್ಕೆ ತೂತು ಬೀಳುವ ಭಯವಿದೆ. ಅಂಥವರಿಗೆ, ಅದರಲ್ಲೂ ಮಗು ಬೇಕೆನ್ನುವವರಿಗೆ, ಲ್ಯಾಪ್ರೋಸ್ಕೋಪಿಯಲ್ಲಿ ಆ ಭಾಗ ತೆಗೆದು ಹೊಸದಾಗಿ ಹೊಲಿಯುತ್ತಾರೆ. ಇಷ್ಟು ಹಂತಗಳಿರುವಾಗ ಗರ್ಭಕೋಶವನ್ನೇ ತೆಗೆಸುವುದು ಮೊದಲ ಸಲಹೆಯಾಗಿ ಬರಬಾರದು.

ಎರಡನೆಯ ದೊಡ್ಡ ದೂರು ನೋವು. ಅದಕ್ಕೆ ಕಾರಣ ಹಲವು. ಚರ್ಮದ ಅಡ್ಡ ಕೊಯ್ತದ ಎರಡು ತುದಿಗಳ ಬಳಿ ಸಣ್ಣ ನರಗಳು ಹಾದುಹೋಗುತ್ತವೆ. ಅವು ಕತ್ತರಿಸಿಹೋದರೆ ಗೀಟಿನ ಸುತ್ತ ಜೋಮು ಉಳಿಯುತ್ತದೆ, ಹೊಲಿಗೆಯಲ್ಲೋ ನಾರಿನಲ್ಲೋ ಸಿಕ್ಕಿಕೊಂಡರೆ ಚುಚ್ಚುವ ಉರಿಯುವ ನೋವು. ಬೆರಳ ತುದಿಯಲ್ಲಿ ತೋರಿಸಬಹುದಾದ ನೋವು, ಮಲಗಿ ತಲೆಯೆತ್ತಿ ಹೊಟ್ಟೆ ಬಿಗಿಹಿಡಿದಾಗ ಹೆಚ್ಚಾಗುವ ನೋವು ಸಾಮಾನ್ಯವಾಗಿ ಹೊಟ್ಟೆಯ ಗೋಡೆಯದೇ ಹೊರತು ಒಳಗಿನ ಅಂಗದ್ದಲ್ಲ. ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನೋಡುವುದೇ ಪರೀಕ್ಷೆಯೂ ಚಿಕಿತ್ಸೆಯೂ ಆಗುತ್ತದೆ. ಒಳಗೆ ಗರ್ಭಕೋಶ, ಮೂತ್ರಕೋಶ, ಕರುಳಿನ ಹೊದಿಕೆ ಒಂದಕ್ಕೊಂದು ಅಂಟಿಕೊಳ್ಳುವುದು ಇನ್ನೊಂದು ಕಾರಣ. ಸಿಸೇರಿಯನ್ ಹೆಚ್ಚಿದಂತೆ ಈ ಅಂಟುಕಟ್ಟುಗಳೂ ಹೆಚ್ಚು, ಗಟ್ಟಿ. ಗರ್ಭಕೋಶ ಮೇಲಕ್ಕೆಳೆದು ಹೊಟ್ಟೆಯ ಗೋಡೆಗೆ ಅಂಟಿಕೊಂಡ ಉದಾಹರಣೆಗಳೂ ಇವೆ. ಮೂತ್ರ ತುಂಬಿದಾಗ ಎಳೆತ, ಸಂಭೋಗದಲ್ಲಿ ನೋವು ಅಂಥವರ ದೂರು. ಆದರೆ ಎಷ್ಟು ಅಂಟಿದೆ ಎಂಬುದಕ್ಕೂ ಎಷ್ಟು ನೋಯುತ್ತದೆ ಎಂಬುದಕ್ಕೂ ನೇರ ಲೆಕ್ಕವಿಲ್ಲ. ಬಿಡಿಸಲೆಂದೇ ಮಾಡಿದ ಶಸ್ತ್ರಚಿಕಿತ್ಸೆಯಿಂದ ಹೊಸ ಅಂಟುಕಟ್ಟು ಹುಟ್ಟುವುದೂ ಉಂಟು.

ಸೊಂಟನೋವಿಗೆ ಹೆರಿಗೆಯ ಹೊತ್ತಿನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಕಾರಣ ಎಂಬ ನಂಬಿಕೆ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರುವುದು ನಿಜ. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೂ ಆ ಸೂಜಿಗೂ ಸಂಬಂಧವಿದೆ ಎಂದು ಅಧ್ಯಯನಗಳು ತೋರಿಸಿಲ್ಲ. ಸಹಜ ಹೆರಿಗೆಯಾದವರಿಗೂ ಅದು ಬರುತ್ತದೆ.

ಅಪರೂಪದ್ದಾದರೂ ತಪ್ಪು ತಿಳಿಯಲು ಬಹಳ ಅವಕಾಶವಿರುವ ಸ್ಥಿತಿಯೊಂದಿದೆ: ಹೊಲಿಗೆ ಗಾಯದ ಎಂಡೋಮೆಟ್ರಿಯೋಸಿಸ್. ಸಿಸೇರಿಯನ್ ಸಮಯದಲ್ಲಿ ಗರ್ಭಕೋಶದ ಒಳಪದರದ ಚೂರುಗಳು ಹೊಟ್ಟೆಯ ಗೋಡೆಯಲ್ಲಿ ಉಳಿದು, ಅಲ್ಲೇ ಬೇರೂರಿ, ಪ್ರತಿ ತಿಂಗಳೂ ಮುಟ್ಟಿನ ಹಾರ್ಮೋನುಗಳಿಗೆ ಸ್ಪಂದಿಸುತ್ತವೆ. ಸಾವಿರ ಸಿಸೇರಿಯನ್‌ಗಳಲ್ಲಿ ಹೆಚ್ಚೆಂದರೆ ನಾಲ್ಕರಲ್ಲಿ ಇದು ಕಾಣಿಸಿಕೊಳ್ಳಬಹುದು. ಗೀಟಿನ ತುದಿಯಲ್ಲಿ ಒಂದು ಗಂಟು, ಮುಟ್ಟಿನ ದಿನಗಳಲ್ಲಿ ಅದು ಊದಿ ನೋಯುವುದು, ಮುಟ್ಟು ಮುಗಿದ ಮೇಲೆ ತಗ್ಗುವುದು, ಕೆಲವರಿಗೆ ಮೇಲಿನ ಚರ್ಮ ನೀಲಿಗಟ್ಟುವುದು ಇದರ ಲಕ್ಷಣ. ಹೆರಿಗೆಯಾಗಿ ಎರಡು ಮೂರು ವರ್ಷ ಕಳೆದ ಮೇಲೆ ಬರುವುದರಿಂದ ಸಿಸೇರಿಯನ್ ನೆನಪಿಗೆ ಬರುವುದಿಲ್ಲ. ಹರ್ನಿಯಾ ಎಂದೋ, ಹೊಲಿಗೆ ದಾರದ ಗಂಟೆಂದೋ, ಕೊಬ್ಬಿನ ಗಡ್ಡೆಯೆಂದೋ ತಿಳಿದು ಶಸ್ತ್ರವೈದ್ಯರ ಬಳಿ ಕಳಿಸುತ್ತಾರೆ. ಗಂಟು ನೋಯುವ ದಿನಗಳನ್ನು ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ರೋಗ ಅರ್ಧ ಪತ್ತೆಯಾದಂತೆಯೇ. ಸುತ್ತಲಿನ ಒಂದಿಷ್ಟು ಒಳ್ಳೆಯ ಅಂಗಾಂಶವನ್ನೂ ಸೇರಿಸಿ ಗಂಟನ್ನು ಪೂರ್ತಿ ತೆಗೆಯುವುದು ಚಿಕಿತ್ಸೆ. ಹಾರ್ಮೋನು ಔಷಧ ತಾತ್ಕಾಲಿಕವಾಗಿ ತಗ್ಗಿಸಬಹುದು, ಗಂಟು ಹೋಗುವುದಿಲ್ಲ.

ಸಿಸೇರಿಯನ್ ಆದವಳಿಗೆ ಎರಡನೆಯ ಮಗು ನಿಲ್ಲುವುದು ತಡವಾಗುತ್ತದೆಯೇ? 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಾಮರ್ಶೆಯ ಪ್ರಕಾರ ಸಹಜ ಹೆರಿಗೆಯಾದವರಿಗೆ ಹೋಲಿಸಿದರೆ ಇವರಲ್ಲಿ ಮುಂದಿನ ಬಸಿರು ಸುಮಾರು ಶೇ. 9 ಕಡಿಮೆ. ಈ ಅಂಕೆಯನ್ನು ಪೂರ್ತಿಯಾಗಿ ಹೊಲಿಗೆಯ ತಲೆಗೆ ಕಟ್ಟಲಾಗದು. ಮೊದಲೇ ಮಕ್ಕಳಾಗಲು ಕಷ್ಟಪಟ್ಟವರಿಗೆ ಸಿಸೇರಿಯನ್ ಆಗುವುದು ಹೆಚ್ಚು. ಒಂದು ಸಲದ ಅನುಭವದಿಂದ ಹೆದರಿ ಇನ್ನು ಸಾಕು ಎನ್ನುವವರೂ ಇದ್ದಾರೆ. ಆದರೂ ದೊಡ್ಡ ಗುಳಿಯಲ್ಲಿ ನಿಂತ ಹಳೆಯ ರಕ್ತ, ಲೋಳೆ ಗರ್ಭಕೋಶದೊಳಕ್ಕೆ ಹಿಂದಿರುಗಿ ವೀರ್ಯಾಣುವಿಗೂ ಭ್ರೂಣ ಕಚ್ಚಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ ಎಂಬುದಕ್ಕೆ ಆಧಾರಗಳಿವೆ. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಗೇ ದ್ರವ ಕಂಡುಬಂದರೆ ಐವಿಎಫ್ ಮಾಡುವವರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಬಸಿರು ನಿಂತ ಮೇಲೆ ಒಳಗುರುತು ಕೊಡುವ ಅತಿ ಅಪಾಯದ ತೊಡಕು ಭ್ರೂಣ ಆ ಗುರುತಿನ ಮೇಲೆಯೇ ಕಚ್ಚಿಕೊಳ್ಳುವುದು. 1978ರಲ್ಲಿ ಮೊದಲ ಬಾರಿಗೆ ವರದಿಯಾದ ಇದು ಸುಮಾರು 2,000 ಬಸಿರುಗಳಿಗೆ ಒಂದರಂತೆ ಕಾಣುತ್ತದೆ ಎಂದು ಅಂದಾಜು. ತೆಳುವಾದ ಗೋಡೆಯೊಳಕ್ಕೆ ಬೇರು ಬಿಟ್ಟ ಈ ಬಸಿರನ್ನು ಕೆರೆದು ತೆಗೆಯಲು ಹೋದರೆ, ಅಂದರೆ ನೋಡದೆ ಡಿ ಅಂಡ್ ಸಿ ಮಾಡಿದರೆ, ರಕ್ತ ಹಿಡಿತಕ್ಕೆ ಸಿಗದೆ ಗರ್ಭಕೋಶ ಕಳೆದುಕೊಳ್ಳಬೇಕಾಗಬಹುದು. ಗರ್ಭಪಾತದ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಕೊಡಬಾರದೆಂದು ನಿಯಮವಿದ್ದರೂ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಸಿಗುವ ಪರಿಸ್ಥಿತಿ ಇದೆ. ಮಗು ಇನ್ನೂ ಎದೆಹಾಲು ಬಿಟ್ಟಿಲ್ಲ, ತಿಂಗಳು ತಪ್ಪಿತು, ಯಾರಿಗೂ ತಿಳಿಯದಂತೆ ಮಾತ್ರೆ ನುಂಗಿದಳು ಎಂಬ ಸನ್ನಿವೇಶದಲ್ಲಿ ಸಿಸೇರಿಯನ್ ಆದವಳಿಗೆ ಅಪಾಯ ಹೆಚ್ಚು. ಬಸಿರು ಇಟ್ಟುಕೊಳ್ಳಲಿ, ತೆಗೆಸಲಿ, ಅವಳಿಗೆ ಆರು ಏಳು ವಾರದಲ್ಲಿ ಒಂದು ಸ್ಕ್ಯಾನ್ ಆಗಿ ಭ್ರೂಣ ಎಲ್ಲಿ ಕೂತಿದೆ ಎಂದು ತಿಳಿದಿರಬೇಕು.

ಗುರುತಿನ ಮೇಲೆ ಕಚ್ಚಿಕೊಂಡು ಅಲ್ಲೇ ಬೆಳೆಯಲು ಬಿಟ್ಟ ಬಸಿರು ಮುಂದೆ ಮಾಸು ಅಂಟಿಕೊಳ್ಳುವ ಅಕ್ರೀಟಾ ಆಗಿ ತಿರುಗುವುದು ಸಾಮಾನ್ಯ. ಹೆರಿಗೆಯಾದ ಮೇಲೆ ತಾನಾಗಿ ಬೀಳಬೇಕಾದ ಮಾಸು, ಊರಿನವರು ಕಸ ಎನ್ನುವುದು, ಗೋಡೆಯೊಳಗೆ ಇಳಿದು ಬಿಡುವುದೇ ಇಲ್ಲ. ಕೆಲವೊಮ್ಮೆ ಮೂತ್ರಕೋಶದವರೆಗೂ ಇಳಿದಿರುತ್ತದೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದವರ ಪೈಕಿ, ಮೊದಲ ಸಿಸೇರಿಯನ್ ಆಗುತ್ತಿದ್ದವರಲ್ಲಿ ಶೇ. 3, ಎರಡನೆಯದರಲ್ಲಿ ಶೇ. 11, ಮೂರನೆಯದರಲ್ಲಿ ಶೇ. 40 ಮಂದಿಗೆ ಅಕ್ರೀಟಾ ಇತ್ತು. ಎರಡರಿಂದ ಮೂರಕ್ಕೆ ಹೋಗುವಾಗಿನ ಈ ಜಿಗಿತ ಗಮನಿಸಬೇಕಾದದ್ದು. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿರುವುದರಿಂದ ಬಹಳಷ್ಟು ಮಂದಿ ಮೂರನೆಯ ಸಿಸೇರಿಯನ್‌ವರೆಗೆ ಹೋಗುವುದೇ ಇಲ್ಲ. ಇಲ್ಲಿಯ ಹೊರೆ ಹಾಗಾಗಿ ಪ್ರಸೂತಿಯ ಕಡೆಗಿಂತ ಸ್ತ್ರೀರೋಗದ ಕಡೆಗೆ ವಾಲಿದೆ: ಇಪ್ಪತ್ತೈದರೊಳಗೆ ಮಕ್ಕಳನ್ನು ಪಡೆದು ಮುಗಿಸಿದವಳು ಇನ್ನೂ ಎರಡು ದಶಕ ಆ ಗುರುತಿನೊಂದಿಗೆ ಮುಟ್ಟಾಗುತ್ತಿರುತ್ತಾಳೆ.

ಎರಡನೆಯ ಸಿಸೇರಿಯನ್ ಜೊತೆಯಲ್ಲೇ ಮಕ್ಕಳಾಗದ ಆಪರೇಷನ್ ಮಾಡಿಸಿಬಿಡುವುದು ಇಲ್ಲಿಯ ವಾಡಿಕೆ. 2019-20ರ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಹೆಂಗಸರಲ್ಲಿ ಶೇ. 57 ಮಂದಿಗೆ ಸಂತಾನಹರಣ ಚಿಕಿತ್ಸೆ ಆಗಿತ್ತು. ಗಂಡಸರ ಪಾಲು ಸೊನ್ನೆಗೆ ಹತ್ತಿರ. ಎರಡೂ ಒಂದೇ ದಿನ ಆಗುವುದರಿಂದ ಮುಂದೆ ಬರುವ ಮುಟ್ಟಿನ ತೊಂದರೆಯನ್ನೆಲ್ಲ ನಾಳ ಕಟ್ಟಿದ್ದರ ಫಲ ಎಂದು ಹೇಳುವ ರೂಢಿ ಬೆಳೆದಿದೆ. ನಾಳ ಕಟ್ಟಿದ್ದರಿಂದ ಮುಟ್ಟು ಕೆಡುವುದಿಲ್ಲ ಎಂಬುದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿದೆ. ಸಿಸೇರಿಯನ್ ಹೊತ್ತಿನಲ್ಲೇ ಕಾಪರ್ ಟಿ ಹಾಕಿಸಿಕೊಂಡವರ ಪ್ರಶ್ನೆ ಬೇರೆ. ಅದರ ದಾರ ಅನೇಕ ಸಲ ಕೆಳಕ್ಕೆ ಇಳಿಯದೆ ಕಣ್ಣಿಗೆ ಕಾಣುವುದಿಲ್ಲ. ದಾರ ಸಿಗಲಿಲ್ಲ ಎಂದರೆ ಬಿದ್ದುಹೋಗಿದೆ ಎಂದು ತಿಳಿಯದೆ ಸ್ಕ್ಯಾನ್ ಮಾಡಿ ನೋಡಬೇಕು.

ಮೂವತ್ತು ದಾಟಿದ ಮೇಲೆ ಈ ಎಲ್ಲ ದೂರುಗಳು ಸೇರಿ ಒಂದೇ ಪರಿಹಾರದತ್ತ ಸಾಗುವುದುಂಟು, ಅದು ಗರ್ಭಕೋಶ ತೆಗೆಸುವುದು. ಮಕ್ಕಳಾಗಿವೆ, ಇನ್ನೇಕೆ ಆ ಚೀಲ ಎಂಬ ಮಾತು ಮನೆಯಲ್ಲೂ ಕೇಳುತ್ತದೆ, ಕೆಲವು ಆಸ್ಪತ್ರೆಗಳಲ್ಲೂ. 2015-16ರ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 3ರಷ್ಟು ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು, ಆಂಧ್ರದಲ್ಲಿ ಶೇ. 9ರಷ್ಟು. ತೆಗೆಸಿಕೊಂಡವರ ನಡುವಯಸ್ಸು 34ರ ಆಸುಪಾಸು. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಹೊಟ್ಟೆನೋವು, ಬಿಳಿಮುಟ್ಟಿನಂಥ ದೂರುಗಳಿಗೂ ಗರ್ಭಕೋಶ ತೆಗೆದಿದ್ದ ಸಂಗತಿ 2015ರ ಸುಮಾರಿಗೆ ಹೊರಬಂದು ರಾಜ್ಯದಲ್ಲಿ ದೊಡ್ಡ ವಿವಾದವಾಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿತು.

ಸಿಸೇರಿಯನ್ ಆದವಳಲ್ಲಿ ಈ ಶಸ್ತ್ರಚಿಕಿತ್ಸೆ ಬೇರೆಯವರಿಗಿಂತ ಕಷ್ಟ ಎಂಬುದು ಇಲ್ಲಿಯ ವಿಪರ್ಯಾಸ. ಗರ್ಭಕೋಶವನ್ನು ಬಿಡಿಸಬೇಕಾದರೆ ಮೂತ್ರಕೋಶವನ್ನು ಮೊದಲು ಕೆಳಕ್ಕೆ ಸರಿಸಬೇಕು. ಅದು ಅಂಟಿರುವುದು ಸರಿಯಾಗಿ ಹಳೆಯ ಹೊಲಿಗೆಯ ಮೇಲೆಯೇ. ಬಿಡಿಸುವಾಗ ಮೂತ್ರಕೋಶ ಹರಿಯುವ ಸಂಭವ ಸಿಸೇರಿಯನ್ ಆಗದವರಿಗಿಂತ ಹೆಚ್ಚು, ಎರಡು ಮೂರು ಸಿಸೇರಿಯನ್ ಆದವರಲ್ಲಿ ಇನ್ನೂ ಹೆಚ್ಚು. ಅಲ್ಲೇ ಕಂಡು ಹೊಲಿದರೆ ಕೆಲವು ದಿನ ಮೂತ್ರದ ಟ್ಯೂಬಿನೊಂದಿಗೆ ಮುಗಿಯುತ್ತದೆ. ಕಾಣದೆ ಹೋದರೆ ಯೋನಿಯಿಂದ ಸದಾ ಮೂತ್ರ ಸೋರುವ ಫಿಸ್ಟುಲಾ ಆಗಬಹುದು. ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಮೂವತ್ತೈದರಲ್ಲೇ ಮುಟ್ಟು ನಿಂತ ಸ್ಥಿತಿ, ಮೂಳೆ ಸವೆತ, ಹೃದಯದ ತೊಂದರೆಯ ಸಂಭವ. ನಿಜಕ್ಕೂ ಗರ್ಭಕೋಶ ತೆಗೆಯಲೇಬೇಕಾದವರೂ ಇದ್ದಾರೆ. ಅಂಥವರು ಎಷ್ಟು ಸಿಸೇರಿಯನ್ ಆಗಿದೆ ಎಂದು ಮೊದಲೇ ಹೇಳಿ, ಮೂತ್ರಕೋಶದ ಗಾಯವನ್ನು ನಿಭಾಯಿಸಬಲ್ಲ ಕಡೆ ಮಾಡಿಸಿಕೊಳ್ಳುವುದು ಲೇಸು.

ಈ ತೊಂದರೆಗಳ ಸರಣಿಯಲ್ಲಿ ಹೆಚ್ಚಿನ ಗೊಂದಲ ಒಂದು ಹಾಳೆಯಿಂದ ತಪ್ಪುತ್ತದೆ, ಅದು ಡಿಸ್‌ಚಾರ್ಜ್ ಸಾರಾಂಶ. ಒಳಗಿನ ಕೊಯ್ತ ಅಡ್ಡವೋ ಉದ್ದವೋ, ಅದು ಪಕ್ಕಕ್ಕೆ ಹರಿದಿತ್ತೋ, ಗರ್ಭಕಂಠ ಎಷ್ಟು ತೆರೆದಿತ್ತು, ಮೂತ್ರಕೋಶ ಅಂಟಿತ್ತೋ, ನಾಳ ಕಟ್ಟಿದರೋ ಕಾಪರ್ ಟಿ ಹಾಕಿದರೋ ಎಂಬುದು ಅದರಲ್ಲಿ ಬರೆದಿರಬೇಕು. ಸಿಸೇರಿಯನ್ ಆಯಿತು, ತಾಯಿ ಮಗು ಕ್ಷೇಮ ಎಂದಷ್ಟೇ ಬರೆದ ಚೀಟಿ ಮುಂದಿನ ವೈದ್ಯರಿಗೆ ಯಾವ ಸಹಾಯವನ್ನೂ ಮಾಡದು. ಬಸುರಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್ ಬಸಿರು, ಲಸಿಕೆ, ಹೆರಿಗೆಯ ದಿನದವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಣಂತನ ಮುಗಿದ ಮೇಲೆ ಅದರ ಗತಿ ಟ್ರಂಕಿನ ತಳ.

ಸಿಸೇರಿಯನ್‌ನಿಂದ ಆಗುವ ದೀರ್ಘಕಾಲದ ಒಳಿತೂ ಇದೆ. ಸಹಜ ಹೆರಿಗೆಯಾದವರಿಗೆ ಹೋಲಿಸಿದರೆ ಕೆಮ್ಮಿದಾಗ ಸೀನಿದಾಗ ಮೂತ್ರ ಜಿನುಗುವುದು, ಗರ್ಭಕೋಶ ಕೆಳಗೆ ಜಾರುವುದು ಇವರಲ್ಲಿ ಗಣನೀಯವಾಗಿ ಕಡಿಮೆ ಎಂದು 2018ರಲ್ಲಿ ಎಡಿನ್‌ಬರ್ಗ್ ಸಂಶೋಧಕರ ಪರಾಮರ್ಶೆ ತೋರಿಸಿತು. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಭಾರ ಹೊರುವ ಹೆಂಗಸರಿಗೆ ಇದು ಸಣ್ಣ ಲಾಭವಲ್ಲ. ಆದರೆ ಈ ಲಾಭಕ್ಕೆಂದೇ ಸಿಸೇರಿಯನ್ ಮಾಡಿಸುವಂತೆ ಯಾರೂ ಸಲಹೆ ಕೊಡುವುದಿಲ್ಲ.

ಮುಟ್ಟು ನಿಲ್ಲುವ ವಯಸ್ಸು ಬಂದ ಮೇಲೆ ಒಳಗುರುತಿನ ತೊಂದರೆಗಳಲ್ಲಿ ಬಹುಪಾಲು ತಾವಾಗಿ ಅಡಗುತ್ತವೆ. ಗುಳಿಯಲ್ಲಿ ನಿಲ್ಲಲು ರಕ್ತವೇ ಇರುವುದಿಲ್ಲ. ಗೀಟಿನ ಗಂಟು ಹಾರ್ಮೋನು ಸಿಗದೆ ಸೊರಗುತ್ತದೆ. ನರದ ನೋವು, ಅಂಟುಕಟ್ಟು ಮಾತ್ರ ವಯಸ್ಸನ್ನು ನೋಡುವುದಿಲ್ಲ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಹಳೆಯ ಸಿಸೇರಿಯನ್ ಲೆಕ್ಕಕ್ಕೆ ಬರೆಯುವಂತಿಲ್ಲ; ಗರ್ಭಕೋಶದ ಒಳಪದರವನ್ನೂ ಗರ್ಭಕಂಠವನ್ನೂ ಕ್ಯಾನ್ಸರ್‌ಗಾಗಿ ಪರೀಕ್ಷಿಸಲೇಬೇಕು. ಆ ಪರೀಕ್ಷೆ ಮಾಡುವವರಿಗೂ ಹಿಂದಿನ ಸಿಸೇರಿಯನ್‌ಗಳ ಸಂಖ್ಯೆ ತಿಳಿದಿರಬೇಕು, ಏಕೆಂದರೆ ಒಳಪದರದ ಚೂರು ತೆಗೆಯುವ ಸಲಕರಣೆ ಹಳೆಯ ಗುಳಿಯೊಳಕ್ಕೆ ಜಾರಿ ತೆಳುಗೋಡೆಯನ್ನು ತೂತು ಮಾಡಬಹುದು.